ಈರಕ್ಕನ ನೂಲು

ಕಡೂರಿನಲ್ಲಿ ಸರ್ಕಾರದವರು ಕೈಕೆಲಸದ ವಸ್ತುಪ್ರದರ್ಶನ ಇಟ್ಟಿದ್ದಾರೆ, ಅದರಲ್ಲಿ ತಮ್ಮ ಮನೆಯ ಕಂಬಳಿಯೂ ಇದೆ ಎಂದು ತಿಳಿದ ದಿನದಿಂದ ಈರಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಜ್ಜಂಪುರದಲ್ಲಿ ರೈಲು ಹತ್ತುವಾಗ ಮಗ ಲಕ್ಕಣ್ಣ ಒಂದು ರಟ್ಟೆ, ಸೊಸೆ ಕಾಂತಮ್ಮ ಇನ್ನೊಂದು ರಟ್ಟೆ ಹಿಡಿದು ಮೇಲೆತ್ತಿದರು. ಮುದುಕಿಯ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಆದರೂ ಕಿಟಕಿಯ ಪಕ್ಕವೇ ಬೇಕೆಂದು ಹಟ ಮಾಡಿ, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೊಮ್ಮಗಳು ಕರಿಯಮ್ಮ ಹೊರಗೆ ಕಂಡದ್ದನ್ನೆಲ್ಲ ವರದಿ ಒಪ್ಪಿಸುತ್ತಾ ಹೋದಳು. ಅಜ್ಜಿ ತಾನೇ ಕಂಡವಳ ಹಾಗೆ ತಲೆಯಾಡಿಸುತ್ತಿದ್ದಳು.

ಎಲ್ಲರಿಗೂ ಹಬ್ಬ. ಲಕ್ಕಣ್ಣ ಮಾತ್ರ ಅವ್ವನ ಕಡೆ ನೋಡದೆ ಕೂತಿದ್ದ. ಆ ಕಂಬಳಿಯಲ್ಲಿ ಅವ್ವನ ನೂಲು ಒಂದೆಳೆಯೂ ಇರಲಿಲ್ಲ.

ಅವರ ಹಟ್ಟಿಯಲ್ಲಿ ಕಂಬಳಿ ನೇಯುವವನು ಗಂಡಸಾದರೂ ಹೆಸರು ಮಾತ್ರ ನೂತವಳದು. ಲಕ್ಕಣ್ಣನ ಅಪ್ಪ ನೇಯ್ದದ್ದೂ ಈರಕ್ಕನ ಕಂಬಳಿ, ಲಕ್ಕಣ್ಣ ನೇಯ್ದದ್ದೂ ಈರಕ್ಕನ ಕಂಬಳಿ. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವವರು, ಮಳೆಯಲ್ಲಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಒಂದು ಹನಿ ಒಳಗಿಳಿಯುವುದಿಲ್ಲ ಎಂದು ಅದನ್ನೇ ಕೇಳಿ ಒಯ್ಯುತ್ತಿದ್ದರು. ಕಣ್ಣು ಮಂಜಾದ ಮೇಲೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುನಡುವೆ ಗಂಟು. ಬೆರಳಿನ ಬಿಗಿಯೂ ಕಣ್ಣಿನ ಹಿಂದೆಯೇ ಹೋಗಿತ್ತು. ತರೀಕೆರೆ ಸಂತೆಯಲ್ಲಿ ಒಮ್ಮೆ ಅವಳ ನೂಲಿನ ಕಂಬಳಿಯನ್ನು ಬಿಚ್ಚಿ ನೋಡಿದವರೆಲ್ಲ ಅಲ್ಲೇ ಇಟ್ಟು ಹೋದರು.

ಅಂದೇ ಮನೆಗೆ ಬಂದು, ಅವ್ವಾ, ಇನ್ನು ಸಾಕು ಮಾಡು ಎಂದಿದ್ದರೆ ಒಂದು ದಿನದ ಅಳುವಿಗೆ ಮುಗಿಯುತ್ತಿತ್ತು. ಹೇಳುವ ಬಾಯಿ ಈ ಮಹಾರಾಯನಿಗೆ ಎಲ್ಲಿತ್ತು? ಪಕ್ಕದ ಹಟ್ಟಿಯ ಅಂಜಿನಮ್ಮನಿಗೆ ಗುಟ್ಟಾಗಿ ಉಣ್ಣೆ ಕೊಟ್ಟು ನೂಲು ತೆಗೆಸಿಕೊಂಡ. ಅವ್ವ ಸಂಜೆ ಕೊಡುವ ನೂಲಿನ ಉಂಡೆಯನ್ನು ಎಂದಿನಂತೆ ಕಣ್ಣಿಗೊತ್ತಿಕೊಂಡು ಅಟ್ಟಕ್ಕೆಸೆದ. ಅಟ್ಟ ತುಂಬಿದ ಮೇಲೆ ಕುರಿ ಕಟ್ಟಲು, ಹೊರೆ ಬಿಗಿಯಲು ಅದನ್ನೇ ಹಗ್ಗ ಹೊಸೆದ. ಮಗ್ಗದಲ್ಲಿದ್ದ ಕಂಬಳಿಯನ್ನು ಮುಟ್ಟಲು ಅವಳು ಬಂದರೆ, ಎಳೆಗೆ ಹಚ್ಚಿದ ಹುಣಸೆಬೀಜದ ಗಂಜಿ ಇನ್ನೂ ಹಸಿಯಾಗಿದೆ ಎಂದು ದೂರ ಇಟ್ಟ. ಹೇಳಿಬಿಡಿ ಎಂದು ಕಾಂತಮ್ಮ ಎಷ್ಟೋ ಸಲ ಅಂದಳು. ನಾಳೆ ಹೇಳಿದರಾಯಿತು ಎಂದು ಇವನು ದಿನ ದೂಡಿದ.

ಕಡೂರಿನ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿದಿರಿನ ಬುಟ್ಟಿ, ಹಿತ್ತಾಳೆ ದೀಪ, ಚಾಪೆ, ಬಣ್ಣದ ಮರದ ಬೊಂಬೆ. ಕರಿಯಮ್ಮ ಬೊಂಬೆಗಳ ಮುಂದೆ ಬೇರುಬಿಟ್ಟಳು. ಈರಕ್ಕ ಮಾತ್ರ ಗಂಟನ್ನು ಸೊಸೆಯ ಕೈಗೆ ಕೊಟ್ಟು, ಮೊದಲು ನನ್ನ ಕಂಬಳಿಯ ಹತ್ತಿರ ನಡೀರಿ ಎಂದಳು.

ಕಂಬಳಿಯನ್ನು ಬಿದಿರ ಗಳುವಿನ ಮೇಲೆ ಹರವಿದ್ದರು. ಯಾರೂ ಮುಟ್ಟಬಾರದೆಂದು ಜವಾನನೊಬ್ಬ ಕಾವಲಿದ್ದ. ಲಕ್ಕಣ್ಣ ಅವನಿಗೆ ಮನಸ್ಸಿನಲ್ಲೇ ಕೈಮುಗಿದ. ಆದರೆ ತಾಲ್ಲೂಕಿನ ಅಮಲ್ದಾರರು ಅತ್ತ ಬರಬೇಕೇ! ನೂತವಳು ಈ ಅಜ್ಜಿಯೇ ಎಂದು ಯಾರೋ ಹೇಳಿದರು. ಒಳ್ಳೆಯ ಮನುಷ್ಯ, ಅಜ್ಜಿ ಮುಟ್ಟಿ ನೋಡಲಿ ಬಿಡಿ ಎಂದು ಜವಾನನನ್ನು ಸರಿಸಿಬಿಟ್ಟರು.

ಈರಕ್ಕ ಎರಡೂ ಕೈ ಚಾಚಿದಳು. ಬೆರಳು ಅಂಚಿನಿಂದ ಒಳಗೆ ಹೋಯಿತು, ಮತ್ತೆ ಅಂಚಿಗೆ ಬಂತು, ಒಂದು ಎಳೆಯನ್ನು ಹಿಡಿದು ನಿಂತಿತು. ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿಯುವುದನ್ನು ಲಕ್ಕಣ್ಣ ನೋಡಿದ. ಅವಳಿಗೆ ತಿಳಿದುಹೋಗಿತ್ತು.

ಇದೆಲ್ಲ ನೀನೇ ನೂತದ್ದೇನಮ್ಮ ಎಂದು ಅಮಲ್ದಾರರು ಕೇಳಿದರು.

ಈರಕ್ಕ ಮಗ ನಿಂತಿದ್ದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ, "ಹೂಂ ಬುದ್ಧಿ, ಎಲ್ಲಾ ನಂದೇಯ" ಅಂದಳು.

ಸುತ್ತ ನಿಂತವರು ಭೇಷ್ ಅಂದರು. ಲಕ್ಕಣ್ಣನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಸುಳ್ಳೆಂದರೆ ಕೆಂಡವಾಗುತ್ತಿದ್ದ ಹೆಂಗಸು, ಊರ ಮುಂದೆ ಮಗನ ಮಾನ ಉಳಿಸಲು ಸುಳ್ಳಾಡಿದ್ದಳು. ಕದ್ದು ಸಿಕ್ಕಿಬಿದ್ದವನಿಗೆ ನಾಲ್ಕು ಏಟಾದರೂ ಬೀಳುತ್ತವೆ. ಇವನಿಗೆ ಆ ಪುಣ್ಯವೂ ಇರಲಿಲ್ಲ.

ವಾಪಸು ರೈಲಿನಲ್ಲಿ ಈರಕ್ಕ ಕಿಟಕಿಯ ಪಕ್ಕ ಕೇಳಲಿಲ್ಲ. ಗಂಟನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು, "ಅಂಜಿನಮ್ಮ ನೂಲೋದು ಚೆನ್ನಾಗಿ ಕಲ್ತವ್ಳೆ" ಎಂದಳು, ಅಷ್ಟೆ. ಹಟ್ಟಿಹಟ್ಟಿಯ ನೂಲನ್ನೂ ಮುಟ್ಟಿ ಬಲ್ಲವಳು, ಹೆಸರನ್ನೇ ಹೇಳಿಬಿಟ್ಟಿದ್ದಳು. ಲಕ್ಕಣ್ಣ, "ಅವ್ವ" ಎಂದು ಶುರು ಮಾಡಿದ.

ಅಷ್ಟರಲ್ಲಿ ಅವಳ ಬೆರಳು ರೊಟ್ಟಿಯ ಗಂಟಿಗೆ ಬಿಗಿದಿದ್ದ ಕರಿಹಗ್ಗದ ಮೇಲೆ ಹರಿಯಿತು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಕಾಂತಮ್ಮ ಗೂಟದಲ್ಲಿದ್ದ ಹಗ್ಗವನ್ನೇ ಎಳೆದು ಕಟ್ಟಿದ್ದಳು. ಬರುವಾಗ ರೈಲಿನ ಸಂಭ್ರಮದಲ್ಲಿ ಮುದುಕಿಗೆ ಅದರ ಕಡೆ ಗಮನವಿರಲಿಲ್ಲ. ಈಗ ದಪ್ಪ ಎಳೆ, ಸಣ್ಣ ಎಳೆ, ನೂಲಿನ ಗಂಟು, ಎಲ್ಲವನ್ನೂ ಒಂದೊಂದಾಗಿ ಮುಟ್ಟಿದಳು. ಕಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹಗ್ಗಕ್ಕೆ ಅಂತ ಮೊದ್ಲೇ ಹೇಳಬಾರ್ದಿತ್ತೇನೋ ಲಕ್ಕ? ಕಾಣದ ಕಣ್ಣಲ್ಲಿ ಸಣ್ಣಕ್ಕೆ ಎಳೆಯೋಕೆ ಎಷ್ಟು ಒದ್ದಾಡ್ತಿದ್ದೆ. ಹಗ್ಗಕ್ಕಾದ್ರೆ ದಪ್ಪಕ್ಕೇ ನೂಲ್ತಿದ್ನಲ್ಲಪ್ಪ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬುದ್ಧಿ ಹೇಳುವ ಹಾಗೆ ಹೇಳಿದ್ದಳು.

ಮರುದಿನವೂ ರಾಟೆಯ ಸದ್ದು ನಿಲ್ಲಲಿಲ್ಲ. ಸಂಜೆ ಈರಕ್ಕ ಗೋಡೆ ಹಿಡಿದುಕೊಂಡು ಮಗ್ಗದ ಹತ್ತಿರ ಬಂದು, ಒರಟಾದ ದಪ್ಪ ಉಂಡೆಯೊಂದನ್ನು ಮಗನ ಕೈಯಲ್ಲಿಟ್ಟು, ಹಗ್ಗಕ್ಕೆ ಎಂದಳು. ಲಕ್ಕಣ್ಣ ತೆಗೆದುಕೊಂಡ. ಅದನ್ನು ಕಣ್ಣಿಗೊತ್ತಿಕೊಳ್ಳಲು ಅವನ ಕೈ ಏಳಲಿಲ್ಲ.