ಗಾಳಿ — ನೋಡಿ: ಗುಳ್ಳೆ

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ, ಕಿವಿಗೆ ಒತ್ತಿ ಹಿಡಿದ ಫೋನಿನೊಳಗೆ ಹಾಳೆ ಸರಿದ ಸದ್ದು, ಇಲ್ಲ, ಅದು ಡಯಾಲಿಸಿಸ್ ವಾರ್ಡಿನ ನರ್ಸ್ ನನ್ನ ಅಕ್ಕನ ಏಪ್ರನ್ನಿನ ಸದ್ದು, ತಾಳೇ, ಇನ್ನೂ ಶುರುವೇ ಮಾಡಿಲ್ಲ, ಮಕ್ಕಳ ವಾರ್ಡಿಂದ ಒಬ್ಬ ನರ್ಸನ್ನ ಎಳ್ಕೊಂಡು ಬಂದಿದೀನಿ, ನಿನ್ನ ಪುಸ್ತಕದ ಮುಖಾನೇ ನೋಡಿಲ್ಲ ಅವಳು, ಸಾಕಲ್ಲ ಪರೀಕ್ಷೆಗೆ — ಸಾಕು, ಅಷ್ಟೇ ಬೇಕಾಗಿದ್ದದ್ದು, ಡಯಾಲಿಸಿಸ್ ಯಂತ್ರವನ್ನು ನಡೆಸುವ ತಂತ್ರಾಂಶದ ಕೈಪಿಡಿ, ಮುನ್ನೂರ ಎಂಬತ್ತು ಪುಟ, ಅದರ ಕೊನೆಗೆ ನನ್ನ ಪದಸೂಚಿ, ಹನ್ನೊಂದಕ್ಕೆ ಮುದ್ರಣಾಲಯಕ್ಕೆ ಹೂಂ ಅನ್ನಬೇಕು ಇಲ್ಲವೇ ಉಹೂಂ, ಎದುರು ಮೇಜಿನಲ್ಲಿ ಸಂಪಾದಕರು ಐದು ನಿಮಿಷದಿಂದ ಒಂದೇ ಹಾಳೆಯನ್ನು ಓದುತ್ತಿದ್ದಾರೆ, ಯಾರ ವಾಕ್ಯ ಕೊಟ್ಟರೂ ನಡುವೆ ಒಂದು ಬಾಲದ ಚುಕ್ಕೆ ಸೇರಿಸುವ ಇವರಿಗೆ ಕಚೇರಿಯವರು ಇಟ್ಟ ಹೆಸರು ಅಲ್ಪವಿರಾಮ, ಇವತ್ತು ಕೆಂಪು ಪೆನ್ನಿನ ಮುಚ್ಚಳವನ್ನೂ ತೆಗೆದಿಲ್ಲ, ಅವರಿಗೂ ನವೆಂಬರ್ ನೆನಪಾಗುತ್ತಿರಬೇಕು, ಹಳೆಯ ಆವೃತ್ತಿಯ ಪದಸೂಚಿ ಕೈಯಲ್ಲೇ ಮಾಡಿದ್ದು, ಬೂಟಿನ ಡಬ್ಬಿಯಲ್ಲಿ ರಟ್ಟಿನ ಚೀಟಿ, ಅರ್ಧ ಅಧ್ಯಾಯಗಳು ನನಗೆ, ಅರ್ಧ ಅವರಿಗೆ, ನಾನು ಬರೆದೆ, ಗಾಳಿ, ನಳಿಕೆಯಲ್ಲಿ — ನೋಡಿ: ಗುಳ್ಳೆ, ಹಿರಿಯರು ಗುಳ್ಳೆಯ ಮುಂದೆ ಪುಟಸಂಖ್ಯೆ ಕೊಟ್ಟಿರುತ್ತಾರೆ ಎಂದು, ಅವರು ಬರೆದರು, ಗುಳ್ಳೆ — ನೋಡಿ: ಗಾಳಿ, ನನ್ನ ಕೆಲಸದಲ್ಲಿ ಕೈಹಾಕುವುದು ಬೇಡವೆಂದು, ಬಾಗಿಲಲ್ಲಿ ನೀವು ಮೊದಲು ನೀವು ಮೊದಲು ಎನ್ನುವವರ ಹಾಗೆ ಇಬ್ಬರೂ ಹೊರಗೇ ಉಳಿದೆವು, ಪುಟ ಎಲ್ಲೂ ಇಲ್ಲ, ಮೂರು ಸಲ ಕರಡು ತಿದ್ದಿದೆವು, ಒಂದೊಂದು ಸಾಲೂ ಸರಿಯಾಗಿಯೇ ಇತ್ತು, ತಪ್ಪು ಇದ್ದದ್ದು ಎರಡು ಸಾಲುಗಳ ನಡುವೆ — ನವೆಂಬರಿನಲ್ಲಿ ಅಕ್ಕನ ವಾರ್ಡಿನ ಯಂತ್ರ ಕಿರುಚಿ ನಿಂತಾಗ ಹಾಸಿಗೆಯಲ್ಲಿ ಒಬ್ಬ ದರ್ಜಿ, ಅವರ ರಕ್ತ ನಳಿಕೆಯೊಳಗೆ ಅಲುಗದೆ ನಿಂತಿದೆ, ಹೆಪ್ಪುಗಟ್ಟುವ ಮೊದಲು ಗಾಳಿ ತೆಗೆಯಬೇಕು, ಅಕ್ಕನ ಕೈಗವಸಿನ ಒದ್ದೆ ಬೆರಳು ಗಾಳಿಯಿಂದ ಗುಳ್ಳೆಗೆ, ಗುಳ್ಳೆಯಿಂದ ಗಾಳಿಗೆ, ನಡುವೆ ಆರೇ ಸಾಲು, ಮತ್ತೆ ಗುಳ್ಳೆಗೆ, ಪಕ್ಕದ ವಾರ್ಡಿನ ಟೆಕ್ನೀಷಿಯನ್ ಓಡಿ ಬರದಿದ್ದರೆ — ಬಂದರು, ದರ್ಜಿ ಎದ್ದು ಮನೆಗೆ ನಡೆದರು, ಆ ಪುಟವನ್ನು ಅಕ್ಕ ಹರಿದು ತಂದು ನನ್ನ ಊಟದ ಮೇಜಿನ ಮೇಲಿಟ್ಟಳು, ಗಾಣದೆತ್ತು ಮಾಡಿಬಿಟ್ಯಲ್ಲೇ ನನ್ನ, ಎರಡು ನಿಮಿಷ ನಲವತ್ತು ಸೆಕೆಂಡು, ಅಷ್ಟೇ, ಬೈದಿದ್ದರೆ ಚೆನ್ನಾಗಿತ್ತು, ಹಾಳೆಯ ಮೇಲೆ ಬೆರಳು ಮೇಲೆ ಕೆಳಗೆ ಓಡಾಡಿದ ಮಸುಕು ಪಟ್ಟಿ.

ಹೊಸ ಆವೃತ್ತಿಯ ಪದಸೂಚಿಗೆಂದು ಪ್ರೋಗ್ರಾಂ ಬರೆದು ಮೊದಲ ಸಲ ಓಡಿಸಿದಾಗ ಒಂಬತ್ತು ಸಾವಿರ ಪದ ಕಕ್ಕಿತು, ಗುಂಡಿ ಎಂಬುದರ ಮುಂದೆ ಮುನ್ನೂರ ಹನ್ನೆರಡು ಪುಟಸಂಖ್ಯೆ, ಅಲ್ಪವಿರಾಮರು ಹೊಟ್ಟೆ ಹಿಡಿದು ನಕ್ಕರು, ಏನಮ್ಮಾ ಇದು, ಸೂಚಿಗೇ ಇನ್ನೊಂದು ಸೂಚಿ ಬೇಕಲ್ಲ, ನಕ್ಕವರು ಸಂಜೆ ಹೋಗುವಾಗ ಮೂವತ್ತು ವರ್ಷದ ಚೀಟಿ ಡಬ್ಬಿಗಳನ್ನು ನನ್ನ ಮೇಜಿಗೆ ತಂದಿಟ್ಟರು, ತಿನ್ನಿಸು ನಿನ್ನ ಯಂತ್ರಕ್ಕೆ, ಪಾಪ, ಹಸಿದಿರಬೇಕು — ಪದ ಆರಿಸುವುದನ್ನು ಮಾತ್ರ ಅದಕ್ಕೆ ಬಿಡಲಿಲ್ಲ, ಆರಿಸಿದವರು ಅಕ್ಕನ ವಾರ್ಡಿನವರು, ನೀವೇನಾದರೂ ಹೆಸರಿಟ್ಕೊಳ್ಳಿ, ನಾವು ಕೂಗೋದು ಕೆಂಪು ದೀಪ ಅಂತ, ಹಾಗೆ ಕೆಂಪು ದೀಪವೂ ಒಳಗೆ ಬಂತು, ಗುರುತಿಟ್ಟ ಕಡೆಯೆಲ್ಲ ಪುಟ ಹಿಡಿಯುವುದು, ಅಕಾರಾದಿಯಲ್ಲಿ ಜೋಡಿಸುವುದು ಯಂತ್ರದ ಪಾಲು, ಮತ್ತೆ ಆ ಒಂದು ಕೆಲಸ, ಪ್ರತಿಯೊಂದು ‘ನೋಡಿ’ಯ ಹಿಂದೆ ಹೋಗು, ಪುಟಸಂಖ್ಯೆ ಸಿಗುವವರೆಗೆ ಹೋಗು, ಹೊರಟಲ್ಲಿಗೇ ಬಂದರೆ ಕೂಗು, ಹಳೆಯ ಸೂಚಿಯನ್ನು ಕೊಟ್ಟು ನೋಡಿದೆ, ಕೂಗಿತು, ಇಪ್ಪತ್ತಮೂರು ಸಲ, ಇಪ್ಪತ್ತಮೂರು ಸುತ್ತು, ಎಲ್ಲವೂ ನಾವಿಬ್ಬರೇ ತಿದ್ದಿ ಸಹಿ ಹಾಕಿದ್ದ ಸಾಲುಗಳು, ಒಂದೊಂದನ್ನೂ ಬೆರಳಿಟ್ಟು ಎಣಿಸಿದೆ, ಆಮೇಲೆ ಹಗುರ, ತಪ್ಪಿಗೆ ಒಂದು ಎಣಿಕೆ ಸಿಕ್ಕಾಗ ಆಗುವ ಹಗುರ, ನಿನ್ನೆ ಮಧ್ಯಾಹ್ನ ಹೊಸ ಸೂಚಿಯ ಕೊನೆಯ ಓಟ, ಸುತ್ತು: ಸೊನ್ನೆ, ಆದರೆ ಆ ಸೊನ್ನೆ ನನ್ನ ಪರದೆಯ ಮೇಲೆ, ವಾರ್ಡಿನಲ್ಲಿ ಏನೋ — ಹಾಂ, ಗಡಿಯಾರ ಒತ್ತಿದೆ, ಅಕ್ಕನ ದನಿ, ನಳಿಕೇಲಿ ಗಾಳಿ, ಏನ್ ಮಾಡ್ತೀಯಮ್ಮಾ, ಹುಡುಕು, ಈಗ ನಿಜವಾಗಿಯೂ ಹಾಳೆ, ದಪ್ಪ ಕಂತೆ ಒಮ್ಮೆಗೇ ಮಗುಚಿದ ಸದ್ದು, ನಾನು ಎಣಿಸುತ್ತಿದ್ದೇನೆ, ಅಲ್ಪವಿರಾಮರ ತುಟಿಯೂ ಎಣಿಸುತ್ತಿದೆ, ಗಾಳಿ, ಆರು ಸಾಲು ಕೆಳಗೆ ಗುಳ್ಳೆ, ಬೆರಳು ಇಳಿಯುತ್ತದೆಯೇ, ಇಳಿದರೆ ಮತ್ತೆ ಹತ್ತುತ್ತದೆಯೇ — ಸಿಕ್ತು, ಗುರುತಿಲ್ಲದ ದನಿ, ಪುಟ ಇನ್ನೂರ ಅರವತ್ತಮೂರು, ಮೊದಲು ನಳಿಕೆಗೆ ಕ್ಲ್ಯಾಂಪ್ ಹಾಕಿ ಅಂತಿದೆ ಸಿಸ್ಟರ್, ಅಕ್ಕ ನಗುತ್ತಿದ್ದಾಳೆ, ನಾಲ್ಕು ತಿಂಗಳ ಮೇಲೆ, ಕೇಳಿಸ್ತೇನೇ ಪೆದ್ದಿ, ಇನ್ನಾದರೂ ಆ ಹರಿದ ಹಾಳೆ ಬಿಸಾಕು, ಬಿಸಾಕುವುದಿಲ್ಲ, ಎದುರು ಪೆನ್ನಿನ ಮುಚ್ಚಳ ಟಕ್ಕೆಂದು ತೆರೆಯಿತು, ಏನಾದರೊಂದು ಅಲ್ಪವಿರಾಮ ಹಾಕದೆ ಬಿಡುವವರಲ್ಲ ಇವರು, ಮುದ್ರಣಾಲಯಕ್ಕೆ ಹೂಂ, ಹೂಂ, ನನ್ನ ಕಣ್ಣೆದುರು ಆ ಬೆರಳು, ಒದ್ದೆ ಬೆರಳು, ಗಾಳಿಯ ಸಾಲಿನ ಮೇಲೆ, ಕೆಳಗಿಳಿಯದೆ, ನಿಂತಿದೆ, ಒಟ್ಟು ಹದಿನಾರು ಸೆಕೆಂಡು.