ಹತ್ತೋಣಿಯ ಹೆಬ್ಬಟ್ಟು

ವಿದ್ಯಾವತಿ ಅಕ್ಕೋರು ಅಚ್ಚು ಹಾಕಿಸಿದ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಹೆಬ್ಬಟ್ಟಿನ ಗುರುತು ಇರುತ್ತಿತ್ತು. ಅದು ಕಥೆ ಹೇಳಿದವರದು. ಸಹಿ ಮಾಡಲು ಬರುವವರೂ ಹೆಬ್ಬಟ್ಟನ್ನೇ ಒತ್ತಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಇದನ್ನು ನನ್ನ ಮನೆಯಲ್ಲಿ ಓದಿ ಹೇಳಿದ್ದಾರೆ, ನಾನು ಹೇಳಿದ ಹಾಗೆಯೇ ಇದೆ' ಎಂಬ ಸಾಲು. ಓದಿ ಹೇಳುವ ಕೆಲಸ ನನ್ನದಾಗಿತ್ತು.

ಶುರುವಾಗಿದ್ದು ೧೯೯೬ರಲ್ಲಿ, ಸಿಂದಗಿಯಲ್ಲಿ. ಅದಕ್ಕೂ ಮೊದಲು ಅಕ್ಕೋರು ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ತರಗತಿಯಲ್ಲಿ ತಾಂಡಾದ ಮಕ್ಕಳಿದ್ದರು, ಬಳೆಗಾರರ ಮಕ್ಕಳಿದ್ದರು, ಇಂಡಿ ಕಡೆಯಿಂದ ಬಂದ ಮರಾಠಿ ಮನೆಮಾತಿನವರಿದ್ದರು, ನಮ್ಮ ಕೇರಿಯಂಥ ಕೇರಿಗಳವರೂ ಇದ್ದರು. ಕಥೆಪುಸ್ತಕ ತೆರೆದರೆ ಮಾತ್ರ ಯಾವಾಗಲೂ ಒಂದೇ ಮನೆ. ತುಳಸಿಕಟ್ಟೆ, ಹಜಾರ, ಪೂಜೆಗೆ ಹೂ ಕೊಯ್ಯುವ ಹುಡುಗಿ. "ಅಕ್ಕೋರ, ನಮ್ಮ ಮನಿ ಯಾವ ಪುಟದಾಗ ಐತ್ರಿ?" ಎಂದು ತಾಂಡಾದ ಹುಡುಗಿಯೊಬ್ಬಳು ಕೇಳಿದಳಂತೆ. ಅಕ್ಕೋರು ಕೆಲಸ ಬಿಟ್ಟರು. ಲಗ್ನಪತ್ರಿಕೆ ಅಚ್ಚು ಮಾಡುವ ಶಮಶುದ್ದೀನ ಕಾಕಾನ ಪ್ರೆಸ್ಸಿನ ಹಿಂದಿನ ಕೋಣೆ ಹಿಡಿದು, 'ಹತ್ತೋಣಿ ಪ್ರಕಾಶನ' ಎಂದು ಬೋರ್ಡು ತೂಗುಹಾಕಿದರು. ಅವರ ಅಣ್ಣಂದಿರದು ಅಡತ ಅಂಗಡಿ. "ನಮ್ಮ ತಂಗಿಗೆ ಒಂದು ಮನಿ ಸಾಲ್ಲಿಲ್ಲ, ಹತ್ತು ಓಣಿ ಬೇಕಾತು" ಎಂದು ಅವರು ಗಿರಾಕಿಗಳ ಮುಂದೆ ನಗುತ್ತಿದ್ದರು.

ನಾನು ಆರನೆಯ ತರಗತಿಗೆ ಶಾಲೆ ಬಿಟ್ಟವಳು. ಮಾಸ್ತರರು ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದೆ, ದನಿ ಬರುತ್ತಿರಲಿಲ್ಲ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಒಂದು ತಿಂಗಳು ಹೋಗಲಿಲ್ಲ. ಆಮೇಲೆ ಹೋಗಲು ನಾಚಿಕೆಯಾಯಿತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದು ಅವಳ ಅಕ್ಕ, ನನ್ನ ದೊಡ್ಡವ್ವ ಮರೆವ್ವ. ಮೋರಟಗಿ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು ನಮ್ಮದು. ಹದಿನೈದಕ್ಕೆ ನಾನು ಪ್ರೆಸ್ಸಿಗೆ ಬಂದೆ. ಹಾಳೆ ಮಡಿಚುವುದು, ಪಿನ್ನು ಹೊಡೆಯುವುದು, ಅಂಚು ಕತ್ತರಿಸಲು ಜೋಡಿಸಿಡುವುದು. ಒಂದು ದಿನ ಯಾರೂ ಇಲ್ಲವೆಂದುಕೊಂಡು ಮಡಿಚಿದ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಕ್ಕೋರು ಬಾಗಿಲಲ್ಲಿ ನಿಂತು ಕೇಳಿದ್ದರು.

"ನೀಲಾ, ಮಾತಾಡಂದ್ರ ನೆಲಾ ನೋಡ್ತಿ. ಓದೂಮುಂದ ಈ ದನಿ ಎಲ್ಲಿಂದ ಬಂತು?"

ನನಗೂ ಗೊತ್ತಿರಲಿಲ್ಲ. ಬೇರೆಯವರ ಮಾತಾದರೆ ನನ್ನ ಬಾಯಿಂದ ಸಲೀಸಾಗಿ ಬರುತ್ತಿತ್ತು. ಅಂದಿನಿಂದ ಓದಿ ಒಪ್ಪಿಸುವ ಕೆಲಸ ನನಗೆ ಬಂತು. ಎತ್ತು ಹೂಡದ ಸೋಮವಾರ ಜನ ಮನೆಯಲ್ಲಿ ಸಿಗುತ್ತಾರೆಂದು ಆ ದಿನವೇ ಹೋಗುತ್ತಿದ್ದೆವು. ಹೇಳಿದವರು ನಡುವೆ ಕೂರುವರು, ನೆರೆಹೊರೆಯವರು ಸುತ್ತಲೂ. ಅವರು ತಪ್ಪು ಹಿಡಿದರೆ ಪೆನ್ಸಿಲಿನಿಂದ ಅಂಚಿನಲ್ಲಿ ಬರೆದುಕೊಳ್ಳಬೇಕು. ತಿದ್ದದೆ ಅಚ್ಚು ಹಾಕುವಂತಿಲ್ಲ.

ತಾಳಿಕೋಟೆಯ ಬಳೆಗಾರ್ತಿ ಸಗೀರಾಳ ಮನೆಯಲ್ಲಿ ರೋಜಾ ಉಪವಾಸದ ತಿಂಗಳಲ್ಲಿ ಕಳವಾದ ಆಡಿನ ಕಥೆ ಓದಿದ ದಿನ ಚೆನ್ನಾಗಿ ನೆನಪಿದೆ. ಚಿತ್ರ ನೋಡಿದ್ದೇ ಆಕೆ ಕೈ ಅಡ್ಡ ಹಿಡಿದಳು.

"ಇದ್ಯಾರ ಆಡ್ರೀ? ನಮ್ಮ ಆಡು ಕರೀದಿತ್ತು."

ಚಿತ್ರ ಒತ್ತುವ ಬ್ಲಾಕು ಆಗಲೇ ಸೊಲ್ಲಾಪುರದಲ್ಲಿ ಮಾಡಿಸಿ ಬಂದಿತ್ತು. ನಮ್ಮ ಜೊತೆ ಬಂದಿದ್ದ ಶಮಶುದ್ದೀನ ಕಾಕಾ ಹಣೆ ಒತ್ತಿಕೊಂಡ. "ಯವ್ವಾ, ನಾ ಬಿಳಿ ಅಲ್ಲ ಅಂತ ಹೇಳಾಕ ಆಡಿಗೇನ ಬಾಯಿ ಐತೇನ?"

"ಆಡಿಗಿಲ್ಲ, ನನಗ ಐತಿ. ಬಿಳಿ ಆಡಾದ್ರ ನಸುಕಿನ್ಯಾಗ ಕಾಣ್ತೈತಿ. ಕಂಡ ಮ್ಯಾಲ ಕಳವಾಗೂದು ಹೆಂಗ? ಕಳವಾಗ್ಲಿಲ್ಲಂದ್ರ ನನ್ನ ಕಥಿ ಎಲ್ಲೈತಿ?"

ಅಕ್ಕೋರು ನಗುತ್ತ ಎದ್ದರು. ಹೊಸ ಬ್ಲಾಕು ಬರಲು ಹದಿನೈದು ದಿನ ಹಿಡಿಯಿತು. ಆಡು ಕರಿದಾಯಿತು.

ಪುಸ್ತಕಗಳು ಹೀಗೇ ಒಂದೊಂದಾಗಿ ಬಂದವು. ಮೊದಲನೆಯದು ಮುನ್ನೂರು ಪ್ರತಿ, ಏಳನೆಯದು ಸಾವಿರ. ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಮಾಸ್ತರರು ಕಾಗದ ಬರೆಯತೊಡಗಿದರು. ಅಕ್ಕೋರು ಮತ್ತು ನಾನು ಕೆಂಪು ಬಸ್ಸಿನಲ್ಲಿ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಊರೂರಿಗೆ ಹೋದೆವು. ಇಂಡಿಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು, "ಇದರಾಗ ನಮ್ಮ ಆಯಿ ಮಾತಾಡ್ತಾಳ" ಎಂದು ಯಾರಿಗೂ ಕೊಡಲಿಲ್ಲ. ಹಿಂದಿನ ಕೋಣೆಯಲ್ಲಿ ಈಗ ನನ್ನಂಥವರು ಐದು ಜನ ಹಾಳೆ ಮಡಿಚುತ್ತಿದ್ದೆವು. ಆ ಕೋಣೆಯ ಹೊರಗೆ ನನಗೆ ಹತ್ತಿಯ ಹೊಲ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಹನ್ನೆರಡನೆಯ ಪುಸ್ತಕ ದೊಡ್ಡವ್ವನದು. ಅವಳು ಹೇಳಿದ್ದು ಇಷ್ಟು. ಊರ ಬಾವಿಯ ಹಗ್ಗ ಮುಟ್ಟುವಂತಿಲ್ಲದ ಒಬ್ಬ ಸಣ್ಣ ಹುಡುಗಿ, ಕೊಡ ಹಿಡಿದು ದೂರದಲ್ಲಿ ನಿಲ್ಲುತ್ತಾಳೆ. ಯಾರಾದರೂ ನೀರು ಸುರಿಯುವತನಕ ಕಾಯಬೇಕು. ಸುರಿಯುವವರು ಕೊಡಕ್ಕೆ ಕೈ ತಾಗೀತೆಂದು ಎತ್ತರದಿಂದ ಸುರಿಯುತ್ತಾರೆ. ಅರ್ಧ ನೀರು ನೆಲಕ್ಕೆ. ದಿನವೂ ಚೆಲ್ಲಿದ ಆ ನೀರಿಗೆ ಅಲ್ಲೇ ಒಂದು ಬೇವು ಹುಟ್ಟಿ ಬೆಳೆಯುತ್ತದೆ. ಅವಳ ಮಗಳ ಕಾಲಕ್ಕೆ, ಕಾಯುವವರು ಅದರ ನೆರಳಿನಲ್ಲಿ ನಿಲ್ಲುತ್ತಾರೆ.

ಆ ಹುಡುಗಿ ದೊಡ್ಡವ್ವನೇ. ಗಿಡವೂ ಇತ್ತು, ನಾನು ನೋಡಿದ್ದೇನೆ. ರಸ್ತೆ ಅಗಲ ಮಾಡುವಾಗ ಕಡಿದರು, ಬಾವಿ ಮುಚ್ಚಿದರು. "ಗಿಡಾ ಹೋತು. ಅದು ಯಾರ ನೀರಿಗೆ ಹುಟ್ಟಿತ್ತು ಅನ್ನೂದಾದ್ರೂ ಪುಸ್ತಕದಾಗ ಉಳೀಲಿ" ಎಂದಿದ್ದಳು. ಕಥೆ ಕೊಟ್ಟದ್ದೇ ಅದಕ್ಕಾಗಿ.

೨೦೦೧ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಂದು ಕಾಗದ ಬಂತು. ಹಳ್ಳಿ ಶಾಲೆಗಳಿಗೆ ಪುಸ್ತಕ ಹಂಚುವ ಒಂದು ಸಂಸ್ಥೆ ನಮ್ಮ ಹನ್ನೆರಡೂ ಪುಸ್ತಕಗಳನ್ನು ಮೂರು ಮೂರು ಸಾವಿರ ಪ್ರತಿ ತೆಗೆದುಕೊಳ್ಳಲು ಒಪ್ಪಿತ್ತು. ಒಂದೇ ಷರತ್ತು. ಅಚ್ಚಿಗೆ ಮುಂಚೆ ಅವರಿಗೆ ಕಳಿಸಿದ್ದ ಕೊನೆಯ ಪುಸ್ತಕದಲ್ಲಿ ಬಾವಿಯ ಮೂರು ಪುಟ ಬದಲಾಗಬೇಕು. ಎಳೆಯ ಮಕ್ಕಳಿಗೆ ಇಂಥ ವಿಷಯ ಬೇಡ, ಊರೂರಲ್ಲಿ ಮನಸ್ಸು ಕೆಡಬಾರದು ಎಂದು ಬರೆದಿದ್ದರು.

ಅಕ್ಕೋರು ಎರಡು ದಿನ ಆ ಕಾಗದವನ್ನು ಮತ್ತೆ ಮತ್ತೆ ತೆಗೆದು ಓದಿದರು. ಮೂರನೆಯ ದಿನ ಹೊಸ ಪುಟಗಳನ್ನು ನನ್ನ ಮುಂದಿಟ್ಟರು. ಅದರಲ್ಲಿ ಹುಡುಗಿ ತಾನೇ ಹಗ್ಗ ಹಿಡಿದು ನೀರು ಸೇದುತ್ತಾಳೆ, ಗಿಡ ನೆಡುತ್ತಾಳೆ, ಊರವರೆಲ್ಲ ಕೂಡಿ ನೀರೆರೆಯುತ್ತಾರೆ.

"ಹೋಗಿ ನಿಮ್ಮ ದೊಡ್ಡವ್ವಗ ಓದಿ ಹೇಳು. ಆಕಿ ಒಪ್ಪಿದ್ರಷ್ಟ. ಬ್ಯಾಡ ಅಂದ್ಳೋ, ಇಡೀ ಆರ್ಡರ್ ಬ್ಯಾಡ ಅಂತ ಬರೀತೇನಿ."

"ನೀವೂ ಬರ್ರಿ ಅಕ್ಕೋರ."

"ಇಲ್ಲ. ನಾ ಎದುರಿಗಿದ್ರ ಆಕಿ ನನ್ನ ಮಾರಿ ನೋಡಿ ಹೂಂ ಅಂತಾಳ."

ಸೋಮವಾರ ನಮ್ಮ ಮನೆಯ ಮುಂದೆ ಎಂಟು ಹತ್ತು ಹೆಂಗಸರು ಕೂಡಿದರು. ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟು ಕೂತಿದ್ದಳು.

"ಓದವ್ವ. ಇಷ್ಟ ದಿನ ಮಂದಿ ಮನಿಯಾಗ ಓದ್ದಿ, ಇವತ್ತ ನಮ್ಮ ಮನಿಯಾಗ ಓದು."

ನಾನು ಮೊದಲ ಪುಟ ಓದಿದೆ. ಅದು ಬದಲಾಗಿರಲಿಲ್ಲ. ಹಾಳೆ ತಿರುವಿದೆ. ಬಾವಿಯ ಪುಟ ಬಂತು. ದೊಡ್ಡವ್ವ ಅಗಿಯುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದಳು.

ಪುಟದಲ್ಲಿ ಇದ್ದುದನ್ನು ನಾನು ಓದಲಿಲ್ಲ. ಅವಳು ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ಹೊಸ ಹಾಳೆಯ ಮೇಲೆ ಕಣ್ಣಿಟ್ಟು ಹಳೆಯ ಕಥೆಯನ್ನೇ ಹೇಳುತ್ತ ಹೋದೆ. ಎಲ್ಲಿ ತಿರುವಬೇಕೋ ಅಲ್ಲಿ ತಿರುವಿದೆ. ನನ್ನ ದನಿ ಒಂದು ಕಡೆಯೂ ತಡವರಿಸಲಿಲ್ಲ. ಎತ್ತರದಿಂದ ನೀರು ಸುರಿಯುವ ಹೆಂಗಸಿನ ಕೈಯಲ್ಲಿ ನಾಲ್ಕು ಹಸಿರು ಬಳೆ ಎಂದಾಗ ದೊಡ್ಡವ್ವ ಬೆರಳೆತ್ತಿದಳು.

"ಮೂರು. ಒಂದು ಒಡದಿತ್ತು. ದಿನಾ ಅದನ್ನ ನೋಡ್ಕೋತ ನಿಂತಾಕಿ ನಾನು. ಬರ್ಕೋ."

ನಾನು ಪೆನ್ಸಿಲಿನಿಂದ ಅಂಚಿನಲ್ಲಿ 'ಬಳೆ ಮೂರು' ಎಂದು ಬರೆದೆ. ಪಕ್ಕದ ಸಾಲಿನಲ್ಲಿ ಹುಡುಗಿ ನಗುತ್ತ ನೀರು ಸೇದುತ್ತಿದ್ದಳು.

ಮುಗಿದಾಗ ಯಾರೋ ಮೂಗು ಸೀಟಿದರು. ದೊಡ್ಡವ್ವ ಶಾಯಿಯ ಪ್ಯಾಡಿಗೆ ಬೆರಳೊತ್ತಿ, ನಾನು ತೋರಿಸಿದ ಜಾಗದಲ್ಲಿ ಒತ್ತಿ, ಉಳಿದ ಶಾಯಿಯನ್ನು ಗೋಡೆಗೆ ಒರೆಸಿದಳು.

ಮರುದಿನ ಅಕ್ಕೋರು ಹಾಳೆಗಳನ್ನು ಒಂದೊಂದಾಗಿ ನೋಡಿದರು.

"ಒಪ್ಪಿದ್ಳಾ?"

ನಾನು ಹೌದೆಂದು ತಲೆ ಆಡಿಸಿದೆ.

"ಇದೇನು, ಬಳಿ ಮೂರು? ಈ ಪುಟದಾಗ ಬಳಿ ಎಲ್ಲೈತಿ?"

ನಾನು ನೆಲ ನೋಡಿದೆ. ಆಚೆ ಕೋಣೆಯಲ್ಲಿ ಯಂತ್ರ ಲಗ್ನಪತ್ರಿಕೆ ಒತ್ತುತ್ತಿತ್ತು. ಅಕ್ಕೋರು ನನ್ನನ್ನು ನೋಡುತ್ತಿದ್ದಾರೆಂದು ತಲೆ ಎತ್ತದೆಯೂ ಗೊತ್ತಾಗುತ್ತಿತ್ತು. ಅವರು ಇನ್ನೊಮ್ಮೆ ಕೇಳಿದ್ದರೆ ನಾನು ಹೇಳುತ್ತಿದ್ದೆ. ಕೇಳಲಿಲ್ಲ. ಡಬ್ಬಿಯಿಂದ ರಬ್ಬರು ತೆಗೆದು ಆ ಎರಡು ಪದಗಳನ್ನು ಮೆಲ್ಲಗೆ ಅಳಿಸಿ, ಪುಡಿ ಊದಿ, ಹಾಳೆಗಳನ್ನು ಕವರಿಗೆ ಹಾಕಿದರು.

ಪುಸ್ತಕ ಸೊಲ್ಲಾಪುರದಲ್ಲಿ ಆಫ್‌ಸೆಟ್‌ನಲ್ಲಿ ಅಚ್ಚಾಯಿತು. ನಮ್ಮ ಮೊದಲ ಬಣ್ಣದ ಪುಸ್ತಕ. ಲಾರಿಯಿಂದ ಕಟ್ಟು ಇಳಿಸಿದ ದಿನ ಕೋಣೆಯ ಹುಡುಗಿಯರು ಪೇಢೆ ಹಂಚಿದರು. ದೊಡ್ಡವ್ವನಿಗೆ ಒಂದು ಪ್ರತಿ ಕೊಟ್ಟೆ. ಅವಳು ಮುಖಪುಟದ ಬಣ್ಣದ ಬೇವನ್ನು ಸವರಿ ನೋಡಿ, ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟಳು.

ನಮ್ಮ ಊರಿನ ಶಾಲೆಗೆ ಪುಸ್ತಕಗಳು ಬಂದಾಗ ಒಂದು ಸಣ್ಣ ಸಮಾರಂಭ ಮಾಡಿದರು. ಕಥೆ ನಮ್ಮೂರಿನವಳದೆಂದು ದೊಡ್ಡವ್ವನನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅವಳು ಆ ಶಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದು ಅದೇ ಮೊದಲು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ದೊಡ್ಡ ಜಮೀನುದಾರರ ಮನೆಯ ಕಲ್ಮೇಶ ಶಾಲೆಯ ಸಮಿತಿಗೆ ಅಧ್ಯಕ್ಷನಾಗಿದ್ದ. ಮೈಕು ಹಿಡಿದು ಬಾವಿಯ ಮೂರು ಪುಟಗಳನ್ನು ಬಿಡಿಸಿ ಬಿಡಿಸಿ ಓದಿದ.

ದೊಡ್ಡವ್ವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ಮೊದಲು ಮುಂದಕ್ಕೆ ಬಾಗಿತು, ಸರಿಯಾಗಿ ಕೇಳಿಸದವರು ಬಾಗುವ ಹಾಗೆ. ಆಮೇಲೆ ಮೆಲ್ಲಗೆ ಕುರ್ಚಿಗೆ ಒರಗಿತು.

"ಕೇಳಿದ್ರಲ್ಲ?" ಎಂದ ಕಲ್ಮೇಶ. "ಮೊನ್ನೆ ಯಾರೋ ಬಂದು, ನಿಮ್ಮೂರಾಗ ಹಿಂದ ಹಂಗಿತ್ತಂತ, ಹಿಂಗಿತ್ತಂತ, ಎಲ್ಲಾ ಬರ್ಕೊಂಡ ಹೋದ್ರು. ನೋಡ್ರಿ, ಮರೆವ್ವ ತಾನ ಹೇಳ್ಯಾಳ, ತಾನ ಹಗ್ಗಾ ಹಿಡ್ದು ನೀರ ಸೇದ್ಯಾಳ. ಸುಳ್ಳಲ್ಲ, ಹೆಬ್ಬಟ್ಟ ಒತ್ಯಾಳ. ಇದು ನಮ್ಮೂರು!"

ಜನ ಚಪ್ಪಾಳೆ ತಟ್ಟಿದರು. ನಮ್ಮ ಕೇರಿಯ ಹೆಂಗಸರು ತಟ್ಟಲಿಲ್ಲ. ಅವರು ಒಬ್ಬರನ್ನೊಬ್ಬರು ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಕಲ್ಮೇಶ ದೊಡ್ಡವ್ವನಿಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟ. ಅವಳು ತೆಗೆದುಕೊಂಡಳು. ಎಲ್ಲರ ಮುಂದೆ ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಶಾಲು ಮಡಿಚುತ್ತ ಕೇಳಿದಳು.

"ಅವತ್ತ ನೀ ಓದಿದ್ದು ಯಾವ ಪುಸ್ತಕ ನೀಲಿ?"

ನಾನು ಮಾಡದಲ್ಲಿದ್ದ ಬಟ್ಟೆಯ ಗಂಟಿನ ಕಡೆ ನೋಡಿದೆ.

"ವಿದ್ಯಾವತಿ ಅಕ್ಕೋರು ಹಂಗ ಓದು ಅಂದ್ರಾ?"

"ಇಲ್ಲ. ಇದ್ದಂಗ ಓದು ಅಂದಿದ್ರು. ನೀ ಬ್ಯಾಡ ಅಂದ್ರ ಬಿಡ್ತೇನಿ ಅಂದಿದ್ರು."

"ಮತ್ತ?"

"ನೀ ಬ್ಯಾಡ ಅಂತಿದ್ದಿ, ಆರ್ಡರ್ ಹೋಗ್ತಿತ್ತು."

"ಹೌದು, ಅಂತಿದ್ನಿ," ಎಂದಳು ದೊಡ್ಡವ್ವ. ಬಯ್ಯಲಿಲ್ಲ, ಅಳಲಿಲ್ಲ. "ನಾ ಓದಾಕ ಬರಲಾರದಾಕಿ ಅಂತ ಗೊತ್ತಿದ್ದಾಕಿ ನೀ ಒಬ್ಬಾಕಿ ಅಲ್ಲ, ಊರಿಗೆಲ್ಲ ಗೊತ್ತೈತಿ. ಆದ್ರ ಊರವರು ಯಾರೂ ನನ್ನ ಮುಂದ ಪುಸ್ತಕ ಹಿಡ್ಕೊಂಡ ಕುಂತಿದ್ದಿಲ್ಲ."

ಅಕ್ಕೋರಿಗೆ ಎಲ್ಲವನ್ನೂ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಮಾತು ಒಂದೇ ಸಲಕ್ಕೆ ಆಡಿದ್ದು ಅದೊಂದೇ ಬಾರಿ. ಅವರು ಎಲ್ಲ ಕೇಳಿ, "ಮುಂದಿನ ಅಚ್ಚಿನ್ಯಾಗ ತಿದ್ದೂಣು" ಎಂದರು. ಮುಂದಿನ ಅಚ್ಚು ಐದು ಸಾವಿರದ್ದು. ಸಂಸ್ಥೆಯವರಿಗೆ ಮಳೆಗಾಲಕ್ಕೆ ಮುಂಚೆಯೇ ಬೇಕಾಗಿತ್ತು. ಹಳೆಯ ಫಿಲ್ಮಿನಿಂದಲೇ, ಒಂದು ಪದವೂ ಬದಲಾಗದೆ ಅಚ್ಚಾಯಿತು.

ಹತ್ತೋಣಿ ಈಗ ಬಸ್ ನಿಲ್ದಾಣದ ಹತ್ತಿರ ಎರಡು ಅಂತಸ್ತಿನ ಕಟ್ಟಡದಲ್ಲಿದೆ. ಕಥೆಗಳು ಧಾರವಾಡದಿಂದ, ಮೈಸೂರಿನಿಂದ ಅಂಚೆಯಲ್ಲಿ ಬರುತ್ತವೆ, ಅಂದವಾಗಿ ಟೈಪಾಗಿರುತ್ತವೆ. ಮನೆಮನೆಗೆ ಹೋಗಿ ಓದುವುದು ನಿಂತಿದೆ. ನಮ್ಮ ಕಡೆಯ ಕೇರಿಗಳಲ್ಲಿ ಕರೆದರೂ ಕಥೆ ಹೇಳಲು ಯಾರೂ ಕೂರುವುದಿಲ್ಲ. ನಾನು ಕಟ್ಟು ಕಳಿಸುವ ವಿಭಾಗ ನೋಡಿಕೊಳ್ಳುತ್ತೇನೆ. ಅಲ್ಲಿ ಮಾತಾಡುವ ಕೆಲಸವಿಲ್ಲ.

ಈ ವರ್ಷ ದೊಡ್ಡವ್ವನಿಗೆ ಬಿ.ಪಿ. ಕಾಣಿಸಿಕೊಂಡಿತು. ಮೊನ್ನೆ ನರ್ಸಬಾಯಿ ಮೂರು ಥರದ ಗುಳಿಗೆ ಕೊಟ್ಟು, ಯಾವುದನ್ನು ಯಾವಾಗ ನುಂಗಬೇಕೆಂದು ಕನ್ನಡದಲ್ಲಿ ಚೀಟಿ ಬರೆದುಕೊಟ್ಟು ಹೋದಳು. ಚೀಟಿ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ದೊಡ್ಡವ್ವ ಅದನ್ನು ಎತ್ತಿಕೊಂಡು, ಗೋಡೆ ಹಿಡಿದು ಎದ್ದು ಹೊಸ್ತಿಲಿಗೆ ಹೋಗಿ, ಎದುರು ಮನೆಯ ಶಿವಾನಿಯನ್ನು ಕೂಗಿದಳು. ಶಿವಾನಿ ಎರಡನೆಯ ತರಗತಿ.

ಹುಡುಗಿ ಬಂದು ಚೀಟಿ ಹಿಡಿದು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. "ಮುಂ... ಜಾ... ನೆ..." ಅಷ್ಟಕ್ಕೇ ಸುಸ್ತಾಗಿ ನನ್ನ ಕಡೆ ನೋಡಿದಳು. "ನೀಲಕ್ಕಾ, ಮುಂದಿಂದು ಏನೈತಿ?"

ನಾನು ಬಾಯಿ ತೆರೆದೆ.

"ಅಕಿನ್ನ ಕೇಳಬ್ಯಾಡ," ಎಂದಳು ದೊಡ್ಡವ್ವ. "ನೀನ ಓದು. ತಡಾ ಆದ್ರ ಆಗ್ಲಿ, ನಾ ಇಲ್ಲೇ ಕುಂತಿರ್ತೇನಿ."