ಸ್ಟುಡಿಯೋ ಅತ್ತಿಗೆಯ ಹಳೆ ಕಂಪ್ಯೂಟರ್

ಬೆಳಗ್ಗೆಯಿಂದ ಸ್ಟುಡಿಯೋ ಅತ್ತಿಗೆಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಫೋಟೊ ತೆಗೆಯುವವನು ಗಂಡ. ಅದನ್ನು ತಿದ್ದಿ, ಅಳತೆಗೆ ಕತ್ತರಿಸಿ, ಪ್ರಿಂಟ್ ಹಾಕಿ ಕೊಡುವವಳು ಇವಳು. ಈಗ ಕಂಪ್ಯೂಟರೇ ಕೈಕೊಡುತ್ತಿದೆ. ಒಂದು ಫೋಟೊ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಎದುರಿನ ಅಂಗಡಿ ಸೇರಿರುತ್ತಾನೆ.

ರಿಪೇರಿಯವನು ಬಂದು ನೋಡಿದ. "ಇದರೊಳಗಿರೋ ಆಪರೇಟಿಂಗ್ ಸಿಸ್ಟಮ್‌ಗೆ ಅದರ ಕಂಪನಿಯವರು ಸುರಕ್ಷತೆಯ ಅಪ್‌ಡೇಟ್ ಕೊಡೋದು ನಿಲ್ಲಿಸಿದ್ದಾರೆ. ಅವರ ಹೊಸದನ್ನ ಈ ಮುದಿ ಯಂತ್ರ ಎಳೆಯಲ್ಲ. ಬೇರೆ ಕಂಪ್ಯೂಟರ್ ತಗೊಳ್ಳಿ," ಎಂದು ಕೈತೊಳೆದುಕೊಂಡ.

ಗಂಡ ಹೇಳಿದ್ದು ಅದಕ್ಕಿಂತ ಕೆಟ್ಟದಾಗಿತ್ತು. "ಹೊಸದಕ್ಕೆ ದುಡ್ಡೆಲ್ಲಿದೆ? ಸಾಕು ಬಿಡೇ, ಅಂಗಡಿ ಮುಚ್ಚೋಣ. ನಾನು ದೊಡ್ಡ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರ್ಕೊಳ್ತೀನಿ."

"ಮತ್ತೆ ನಾನು?"

"ನೀನು ಮನೇಲಿ ಆರಾಮಾಗಿರು."

ಆರಾಮವಂತೆ. ಈ ಕೆಲಸ ಕಲಿಯಲು ಪಟ್ಟ ಪಾಡು ಅವಳಿಗೇ ಗೊತ್ತು.

ಸಂಜೆ ವಿಷಯ ಕೇಳಿ ಪಕ್ಕದ ಬೀದಿಯ ವಾಚನಾಲಯ ನೋಡಿಕೊಳ್ಳುವ ಅಕ್ಕ ಪೆನ್‌ಡ್ರೈವ್ ಹಿಡಿದು ಬಂದಳು.

"ನಮ್ಮಲ್ಲಿರೋ ಹಳೇ ಯಂತ್ರಗಳೆಲ್ಲ ಹಗುರವಾದ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಮೇಲೇ ಓಡ್ತಿವೆ ಕಣೇ. ಅದನ್ನ ಹೇಗೆ ಮಾಡಿದ್ದಾರೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಹಂಚಬಹುದು. ದುಡ್ಡೂ ಕೊಡಬೇಕಿಲ್ಲ."

"ಪುಕ್ಕಟೆ ಸಿಗೋದು ಅಷ್ಟಕ್ಕಷ್ಟೇ ಇರುತ್ತಕ್ಕ. ಅದೆಲ್ಲ ಓದಿದವರಿಗೆ."

"ಈಗಲೇ ಒಳಗೆ ಹಾಕೋದು ಬೇಡ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡು. ನಿನ್ನ ಫೋಟೊಗಳು ಇದ್ದಲ್ಲೇ ಇರುತ್ತವೆ."

ಅಕ್ಕ ಪೆನ್‌ಡ್ರೈವ್ ಸಿಕ್ಕಿಸಿದಳು, ಪರದೆ ಬೆಳಗಿತು. ಒಂದು ಫೋಟೊ ತೆರೆದುಕೊಟ್ಟಳು. ಅತ್ತಿಗೆ ಮೌಸ್ ಹಿಡಿದು, ಪರದೆಯ ಅಂಚಿಗೆ ಎಂದೋ ತಾನೇ ಅಂಟಿಸಿದ್ದ ಕೆಂಪು ಟೇಪಿನ ನೇರಕ್ಕೆ ಒತ್ತಿದಳು. ಹಳೆಯ ಸಿಸ್ಟಮ್ಮಿನ ಇಂಗ್ಲಿಷ್ ಅವಳಿಗೆ ಬಾರದು. ಅದಕ್ಕೇ ಪ್ರಿಂಟ್‌ಗೆ ಕೆಂಪು, ಉಳಿಸಲು ನೀಲಿ ಎಂದು ಗುರುತು ಮಾಡಿಕೊಂಡಿದ್ದಳು. ಪ್ರಿಂಟ್ ಬರುವ ಬದಲು ತೆರೆದಿದ್ದ ಫೋಟೊವೇ ಮಾಯವಾಯಿತು. ಮತ್ತೆ ಒತ್ತಿದಳು, ಇನ್ನೇನೋ ತೆರೆದುಕೊಂಡಿತು.

"ನೋಡಿದ್ಯಾ? ಇದು ನನ್ನ ತಲೆಗೆ ಹತ್ತೋದಲ್ಲ," ಎಂದು ಅವಳು ಮೌಸ್ ಪಕ್ಕಕ್ಕೆ ತಳ್ಳಿದಳು. ಬಾಗಿಲಲ್ಲಿ ನಿಂತಿದ್ದ ಗಂಡ, ನಾನು ಹೇಳಲಿಲ್ವಾ ಎಂಬಂತೆ ಮುಖ ಮಾಡಿದ.

ಅಕ್ಕ ನಕ್ಕಳು. "ನೀನು ಟೇಪು ನೋಡಿ ಒತ್ತಿದೆ, ಪರದೆ ನೋಡಿ ಅಲ್ಲ. ಹಿಂದೆ ಕಂಪನಿಯವರೇ ತಮ್ಮದನ್ನ ಬದಲಾಯಿಸಿದಾಗ ಏನು ಮಾಡಿದೆ?"

"ಎಲ್ಲಾ ಟೇಪು ಕಿತ್ತು ಹೊಸದಾಗಿ ಅಂಟಿಸಿದೆ. ಆವತ್ತೂ ನಿನ್ನ ಹತ್ರ ಬಂದು ಅತ್ತಿದ್ದೆ."

"ಹಾಗಾದ್ರೆ ಅದು ಸುಲಭ, ಇದು ಕಷ್ಟ ಅನ್ನೋದೆಲ್ಲಿ ಬಂತು? ಅದು ಕೈಗೆ ಪಳಗಿದೆ, ಇದು ಪಳಗಿಲ್ಲ, ಅಷ್ಟೇ. ಇಲ್ಲಿ ಎಲ್ಲಾ ಕನ್ನಡದಲ್ಲಿ ಇಟ್ಟಿದ್ದೀನಿ, ಓದಿ ಒತ್ತು. ಕಂಪನಿಯದರಲ್ಲೂ ಹೀಗೆ ಇಟ್ಕೋಬಹುದಿತ್ತು, ನಿನಗೆ ಯಾರೂ ಹೇಳಿಲ್ಲ."

ತೆರೆ. ಉಳಿಸು. ಮುದ್ರಿಸು. ಅತ್ತಿಗೆ ಬಾಯಲ್ಲಿ ಹೇಳಿಕೊಳ್ಳುತ್ತಲೇ ಒತ್ತಿದಳು. ಫೋಟೊ ಕಾಯಿಸದೆ ತೆರೆಯಿತು. ಪ್ರಿಂಟರ್ ಮಾತ್ರ ಮಿಸುಕಲಿಲ್ಲ.

"ಇದನ್ನೂ ಮುಚ್ಚುಮರೆ ಇಲ್ಲದೆ ಹೇಳ್ತೀನಿ," ಎಂದಳು ಅಕ್ಕ. "ಕಂಪನಿಯದಕ್ಕೆ ಪ್ರಿಂಟರು, ಹೆಸರಾಂತ ಫೋಟೊ ತಂತ್ರಾಂಶ ಎಲ್ಲಾ ಸಾಮಾನ್ಯವಾಗಿ ಥಟ್ಟಂತ ಹೊಂದುತ್ತೆ. ಇಲ್ಲಿ ಕೆಲವಕ್ಕೆ ಹುಡುಕಾಡಬೇಕು, ಕೆಲವು ಹೊಂದೋದೇ ಇಲ್ಲ. ಅದಕ್ಕೇ ಮೊದಲು ಪರೀಕ್ಷೆ ಮಾಡೋದು."

ಅಕ್ಕ ಇಂಟರ್ನೆಟ್‌ನಲ್ಲಿ ತಡಕಾಡಿದಳು. ಗಂಡ ಒಳಗೆ ಬಂದು ಉಗುರು ಕಚ್ಚುತ್ತ ಕೂತ. ಅತ್ತಿಗೆ ಬಾಗಿಲಿಗೂ ಪ್ರಿಂಟರಿಗೂ ಶತಪಥ ಹಾಕಿದಳು. ಕೊನೆಗೆ ಆ ಪ್ರಿಂಟರಿಗೆ ಬೇಕಾದ ತಂತ್ರಾಂಶ ಸಿಕ್ಕಿತು. ಯಂತ್ರ ಗುರ್ ಎಂದು ಒಂದು ಫೋಟೊ ಹೊರಹಾಕಿತು.

ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿದ. ಬಣ್ಣದಲ್ಲಿ ಹುಳುಕು ಹುಡುಕಿದ, ಸಿಗಲಿಲ್ಲ. ಫೋಟೊ ಕೆಳಗಿಟ್ಟು, "ನಾಳೆ ಎಷ್ಟು ಗಂಟೆಗೆ ಅಂಗಡಿ ಬಾಗಿಲು ತೆಗೀತೀಯ?" ಎಂದು ಕೇಳಿದ.

"ಅದಿರಲಿ ರೀ, ಮೊದಲು ಫೋಟೊಗಳನ್ನೆಲ್ಲ ಬೇರೆ ಡಿಸ್ಕ್‌ಗೆ ನಕಲು ಮಾಡ್ಕೊಡಿ. ಆಮೇಲೆ ಇದನ್ನ ಒಳಗೆ ಹಾಕೋಣ," ಎಂದು ಅತ್ತಿಗೆ ಕುರ್ಚಿ ಎಳೆದುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಓಪನ್ ಸೋರ್ಸ್ ಸಿಸ್ಟಮ್ ಒಂದನ್ನು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ನಿಮ್ಮ ಪ್ರಿಂಟರು, ನಿಮ್ಮ ದಿನದ ಕೆಲಸ ಅದರಲ್ಲಿ ನಡೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನಡೆಯದಿದ್ದರೆ ಕಂಪನಿಯದನ್ನೇ ಕೊಂಡು ಬಳಸಿ, ತಪ್ಪೇನಿಲ್ಲ. ಆದರೆ ಮೊದಲ ದಿನ ಕೈ ತಡವರಿಸಿತು ಎಂದು, ಕಷ್ಟಪಟ್ಟು ಕಲಿತ ಕೆಲಸವನ್ನು ಮಾತ್ರ ಬಿಟ್ಟುಕೊಡಬೇಡಿ.